ಬ್ಯಾಲೆ ರಂಗದಲ್ಲಿ ಪುರುಷ ನರ್ತಕ: ಕಣ್ಮರೆ ಮತ್ತು ಪುನರಾಗಮನ

1870ನೆಯ ಇಸವಿಯ ಮೇ 25ರಂದು ಪ್ಯಾರಿಸ್ಸಿನ ಒಪೆರಾದಲ್ಲಿ 'ಕೊಪೇಲಿಯ' ಎಂಬ ಬ್ಯಾಲೆಯ ಪ್ರಥಮ ಪ್ರಯೋಗವಾಯಿತು. ಅದರ ಕಥಾನಾಯಕ ಫ್ರಾಂಟ್ಸ್ ಎಂಬ ಹಳ್ಳಿಯ ತರುಣ. ಕೀಲುಗೊಂಬೆಯೊಂದನ್ನು ಸಜೀವ ಕನ್ಯೆಯೆಂದು ಭ್ರಮಿಸಿ ಮೋಹಗೊಳ್ಳುವವನು. ಈ ತರುಣನ ಪಾತ್ರವನ್ನು ಅಂದು ವಹಿಸಿದವಳು ಯೂಜೆನಿ ಫಿಯೋಕ್ರ್ ಎಂಬ ನರ್ತಕಿ. ಇದೊಂದು ವಿನೋದಕ್ಕಾಗಿ ಮಾಡಿದ ಏರ್ಪಾಡಾಗಿರಲಿಲ್ಲ. ಪುರುಷ ಪಾತ್ರವನ್ನು ಸ್ತ್ರೀಯರಿಗೆ ವಹಿಸುವುದು ಆ ವೇಳೆಗೆ ಅಲ್ಲಿ ರೂಢಿಯೇ ಆಗಿಹೋಗಿತ್ತು. ಎರಡು ಶತಮಾನಗಳ ಹಿಂದೆ ಅರಸನೇ ಮುಂದೆ ನಿಂತು ಕುಣಿದ ಕಲೆಯಲ್ಲಿ ಪುರುಷನಿಗೆ ನಾಯಕನ ವೇಷವೂ ದೊರೆಯದ ಸ್ಥಿತಿ ಒದಗಿದುದು ಹೇಗೆ ಎಂಬುದೇ ಪ್ರಕೃತ ಲೇಖನದ ವಿಷಯ.

ಇಂದು ಬ್ಯಾಲೆಯ ಪುರುಷ ನರ್ತಕರನ್ನು ಕೊಂಡಾಡುವ ಬರೆಹಗಳು ಹೇರಳವಾಗಿ ಬರುತ್ತಿವೆ. ಸಂತೋಷವೇ. ಆದರೆ ಅವುಗಳಲ್ಲಿ ಹೆಚ್ಚಿನವು 1909ರಲ್ಲಿ ನಿಜಿನ್ಸ್ಕಿ ರಂಗಕ್ಕೆ ಜಿಗಿದನೆಂದೂ, ಅಂದಿನಿಂದ ಪುರುಷನೃತ್ಯವು ಹುಟ್ಟಿತೆಂದೂ ಹೇಳಿ ಮುಗಿಸುತ್ತವೆ. ಒಬ್ಬ ಪ್ರತಿಭಾವಂತನ ಜಿಗಿತದಿಂದ ಒಂದು ಸಂಪ್ರದಾಯ ಹುಟ್ಟುತ್ತದೆಂಬುದನ್ನು ಚರಿತ್ರೆಯ ಅಭ್ಯಾಸಿಗಳಾದ ನಾವು ಸುಲಭವಾಗಿ ಒಪ್ಪಲಾರೆವು.

1653ರಲ್ಲಿ ಹದಿನಾಲ್ಕು ವರ್ಷದ ಹದಿನಾಲ್ಕನೆಯ ಲೂಯಿ ದೊರೆಯು 'ರಾತ್ರಿಯ ಬ್ಯಾಲೆ'ಯಲ್ಲಿ ಉದಯಸೂರ್ಯನ ವೇಷವನ್ನು ಧರಿಸಿ ನರ್ತಿಸಿದನು. 'ಸೂರ್ಯರಾಜ'ನೆಂಬ ಬಿರುದಿನ ಬೇರು ಇಲ್ಲಿದೆ. 1661ರಲ್ಲಿ ಅವನು ರಾಜಕೀಯ ನೃತ್ಯ ಅಕಾಡೆಮಿಯನ್ನು ಸ್ಥಾಪಿಸಿದನು. (ಇಲ್ಲಿ 'ರಾಜಕೀಯ'ವೆಂದರೆ ರಾಜನಿಗೆ ಸೇರಿದ್ದು ಎಂದಷ್ಟೇ ಅರ್ಥ, ಆದರೂ ಈಗಿನ ಅರ್ಥವೂ ಪೂರ್ತಿ ತಪ್ಪಾಗಲಾರದು.) ಒಪೆರಾದ ಸಾರ್ವಜನಿಕ ರಂಗದ ಮೇಲೆ ವೃತ್ತಿನಿರತ ನರ್ತಕಿಯರು ಮೊದಲು ಕಾಣಿಸಿಕೊಂಡದ್ದು 1681ರಲ್ಲಿ, ಅದಕ್ಕೆ ಮುಂಚೆ ಅಲ್ಲಿ ಸ್ತ್ರೀಪಾತ್ರಗಳೂ ಪುರುಷರವೇ. ಮುಂದಿನ ಶತಮಾನದಲ್ಲಿಯೂ ಪುರುಷನ ಪ್ರಾಧಾನ್ಯ ಕುಂದಲಿಲ್ಲ. ಗಯೆತಾನ್ ವೆಸ್ತ್ರಿಸ್ ಮತ್ತು ಅವನ ಮಗ ಓಗುಸ್ತ್ ವೆಸ್ತ್ರಿಸ್ ಯೂರೋಪಿನಾದ್ಯಂತ ಖ್ಯಾತರಾಗಿದ್ದರು. ಈ ಮಗನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ.

ಪತನದ ಕಾರಣವಾಗಿ ಸಾಮಾನ್ಯವಾಗಿ ಹೇಳುವುದು 1832ರ 'ಲಾ ಸಿಲ್ಫೀದ್' ಎಂಬ ಬ್ಯಾಲೆಯನ್ನು. ಮಾರಿ ತಾಲ್ಯೋನಿ ಕಾಲ್ಬೆರಳ ತುದಿಯ ಮೇಲೆ ನಿಂತು, ಭೂಮಿಗೆ ಸೇರದ ಗಾಳಿಯ ಕನ್ಯೆಯಾಗಿ ತೋರಿದಳು. ಅವಳ ಮುಂದೆ ಪುರುಷನು ಭಾರವಾಗಿ ಕಂಡನು. ಇದರಲ್ಲಿ ಸತ್ಯಾಂಶವಿದೆ. ಆದರೆ ಅದಕ್ಕೆ ಒಂದು ವರ್ಷ ಮೊದಲು ನಡೆದ ಇನ್ನೊಂದು ಸಂಗತಿಯ ಕಡೆಗೆ ನಮ್ಮ ಗಮನ ಹರಿಯಬೇಕು. 1830ರ ಕ್ರಾಂತಿಯ ತರುವಾಯ ಒಪೆರಾದ ಆಡಳಿತವು ಅರಮನೆಯ ಕೈತಪ್ಪಿ, 1831ರಲ್ಲಿ ಲೂಯಿ ವೆರೋನ್ ಎಂಬ ಉದ್ಯಮಿಯ ವಶಕ್ಕೆ ಬಂದಿತು. ಸರ್ಕಾರದ ಸಹಾಯಧನವಿದ್ದರೂ ಲಾಭನಷ್ಟಗಳು ಅವನವೇ. ವಾರ್ಷಿಕ ಚಂದಾದಾರರಾದ ಧನಿಕರನ್ನು ಒಲಿಸಿಕೊಳ್ಳಲು ಅವನು ನರ್ತಕಿಯರ ಅಭ್ಯಾಸದ ಮೊಗಸಾಲೆಯ ಬಾಗಿಲನ್ನು ಅವರಿಗೆ ತೆರೆದನು. ಅಲ್ಲಿಗೆ ಬರುತ್ತಿದ್ದ ಮಹನೀಯರು ಪುರುಷ ನರ್ತಕನನ್ನು ನೋಡಲು ಹಣ ತೆತ್ತವರಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. 1840ರಲ್ಲಿ ವಿಮರ್ಶಕ ಜೂಲ್ ಜಾನೆನ್, ಗಂಡಸು ಕುಣಿಯುವುದೇ ಅಸಹ್ಯವೆಂಬ ಅಭಿಪ್ರಾಯವನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಸಾರಿದನು. ಅವನು ಅದನ್ನು ಅಭಿರುಚಿಯ ಮಾತೆಂದು ಹೇಳಿದನು. ನಮಗೆ ಅದು ಗಲ್ಲಾಪೆಟ್ಟಿಗೆಯ ಮಾತಿನಂತೆ ಕೇಳಿಸುತ್ತದೆ. 1841ರ 'ಜಿಸೆಲ್'ನಲ್ಲಿ ನಾಯಕಿಯ ನೃತ್ಯಗಳನ್ನು ಸಂಯೋಜಿಸಿದವನು ಝೂಲ್ ಪೆರೋ; ಪ್ರಯೋಗದ ಪ್ರಕಟಣೆಯಲ್ಲಿ ಅವನ ಹೆಸರೇ ಇರಲಿಲ್ಲ. ತನ್ನ ಕಾಲದ ಅತ್ಯುತ್ತಮ ಪುರುಷ ನರ್ತಕರಲ್ಲಿ ಒಬ್ಬನಾದ ಅವನು ಲಂಡನ್ನಿಗೂ ಅಲ್ಲಿಂದ ರಷ್ಯಾಕ್ಕೂ ಹೋದನು.

ಇದನ್ನು ಓದುವ ಕನ್ನಡಿಗರಿಗೆ ಯಕ್ಷಗಾನವು ನೆನಪಾಗದೆ ಇರದು. ನಮ್ಮ ಕರಾವಳಿಯ ಮೇಳಗಳಲ್ಲಿ ದ್ರೌಪದಿಯೂ ದಮಯಂತಿಯೂ ಬಹುಕಾಲ ಪುರುಷರೇ. ಪ್ಯಾರಿಸ್ಸಿನಲ್ಲಿ ನಾಯಕನೇ ಸ್ತ್ರೀ. ಎರಡೂ ಕಡೆ ಇದು ಪ್ರಕೃತಿಯ ನಿಯಮವಾಗಿರಲಿಲ್ಲ, ರಂಗದ ಕಟ್ಟಳೆಯಾಗಿತ್ತು. ಕಟ್ಟಳೆಯು ನೂರು ವರ್ಷ ನಿಂತರೆ ಜನರು ಅದನ್ನು ಪ್ರಕೃತಿಯೆಂದೇ ನಂಬುತ್ತಾರೆ.

ಹಾಗಾದರೆ ಪುರುಷನೃತ್ಯದ ವಿದ್ಯೆ ಉಳಿದದ್ದೆಲ್ಲಿ? ಅರಸರ ಬೊಕ್ಕಸದಿಂದ ನಡೆಯುತ್ತಿದ್ದ ರಂಗಗಳಲ್ಲಿ. ಕೋಪನ್‌ಹೇಗನ್ನಿನ ಓಗುಸ್ಟ್ ಬುರ್ನೊನ್‌ವಿಲ್ ತರುಣನಾಗಿದ್ದಾಗ ಪ್ಯಾರಿಸ್ಸಿಗೆ ಹೋಗಿ, ವೃದ್ಧ ಓಗುಸ್ತ್ ವೆಸ್ತ್ರಿಸನ ಬಳಿ ಪಾಠ ಹೇಳಿಸಿಕೊಂಡನು. 1830ರಲ್ಲಿ ತಾಯ್ನಾಡಿಗೆ ಮರಳಿ, ನಡುವೆ ಕೆಲವು ವರ್ಷಗಳನ್ನು ಬಿಟ್ಟರೆ 1877ರವರೆಗೆ ಡೆನ್ಮಾರ್ಕಿನ ರಾಜರಂಗದ ಬ್ಯಾಲೆಯನ್ನು ನಡೆಸಿದನು. 1836ರಲ್ಲಿ ಅವನು ರಚಿಸಿದ ತನ್ನದೇ 'ಸಿಲ್ಫೀದ್'ನಲ್ಲಿ ನಾಯಕ ಜೇಮ್ಸ್‌ನ ಪಾತ್ರವನ್ನು ತಾನೇ ನರ್ತಿಸಿದನು. ಪ್ಯಾರಿಸ್ಸಿನಲ್ಲಿ ಕೆಟ್ಟ ಹೆಸರು ಪಡೆದ ಪುರುಷನ ನೆಗೆತವು ಇಲ್ಲಿ ಲಘುವಾಗಿ, ಸದ್ದಿಲ್ಲದೆ, ಮುಗುಳ್ನಗೆಯೊಡನೆ ನಡೆಯುತ್ತಿತ್ತು. ಅವನ ಶಿಷ್ಯ, ಸ್ವೀಡನ್ನಿನ ಕ್ರಿಸ್ತಿಯಾನ್ ಯೋಹಾನ್ಸನ್, 1841ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ ಅಲ್ಲಿಯೇ ನೆಲೆಸಿ, ಸಾಮ್ರಾಟರ ನೃತ್ಯಶಾಲೆಯಲ್ಲಿ ಆಚಾರ್ಯನಾದನು. ಯೋಹಾನ್ಸನ್ನನ ಶಿಷ್ಯ ನಿಕೊಲಾಯ್ ಲೆಗಾತ್. ಲೆಗಾತನ ಶಿಷ್ಯರಲ್ಲಿ ಒಬ್ಬನು ವಾತ್ಸ್ಲಾವ್ ನಿಜಿನ್ಸ್ಕಿ. 1890ರ 'ನಿದ್ರಿಸುವ ಸುಂದರಿ'ಯಲ್ಲಿ ನೀಲಪಕ್ಷಿಯಾಗಿ ಹಾರಿದ ಇಟಲಿಯ ಎನ್ರಿಕೊ ಚೆಕ್ಕೆತ್ತಿಯೂ ಅವನಿಗೆ ಗುರುವೇ. ಅದೇ ಪ್ರಯೋಗದಲ್ಲಿ ದುಷ್ಟ ಯಕ್ಷಿಣಿ ಕರಾಬೋಸಳ ಸ್ತ್ರೀವೇಷವನ್ನೂ ಚೆಕ್ಕೆತ್ತಿಯೇ ಹಾಕಿದ್ದನೆಂಬುದು ಸ್ವಾರಸ್ಯವಾದ ಸಂಗತಿ.

ಆದ್ದರಿಂದ 1909ರ ಮೇ 19ರಂದು ದ್ಯಾಗಿಲೆವನ ತಂಡವು ಪ್ಯಾರಿಸ್ಸಿನ ಷಾತ್ಲೆ ರಂಗಮಂದಿರದಲ್ಲಿ ಪ್ರಯೋಗ ನೀಡಿದಾಗ ಪ್ರೇಕ್ಷಕರು ಬೆರಗಾಗಿ ಕಂಡದ್ದು ಹೊಸ ವಸ್ತುವಲ್ಲ. ತಮ್ಮ ಊರಿನಿಂದಲೇ ಹೊರಟುಹೋಗಿದ್ದ ವಿದ್ಯೆಯು ಡೆನ್ಮಾರ್ಕು ರಷ್ಯಾಗಳನ್ನು ಸುತ್ತಿ ನಾಲ್ಕು ತಲೆಮಾರಿನ ಗುರುಶಿಷ್ಯರ ಕೈದಾಟಿ ಮನೆಗೆ ಮರಳಿತ್ತು. ನಿಜಿನ್ಸ್ಕಿಯ ಪ್ರತಿಭೆಯನ್ನು ಇದರಿಂದ ಕಿರಿದುಮಾಡಿದಂತಾಗುವುದಿಲ್ಲ. 1911ರ 'ಗುಲಾಬಿಯ ಪ್ರೇತ'ದಲ್ಲಿ ಅವನು ಕಿಟಕಿಯ ಮೂಲಕ ಜಿಗಿದು ಮರೆಯಾದುದು ಇಂದಿಗೂ ಐತಿಹ್ಯವಾಗಿ ಉಳಿದಿದೆ. 1912ರಲ್ಲಿ ಭಾರತೀಯ ದೇವತೆಯ ಕಥೆಯೆಂದು ಹೇಳಲಾದ 'ನೀಲದೇವ'ದಲ್ಲಿಯೂ ಅವನೇ ನಾಯಕ. ಆ ಭಾರತವು ಪ್ಯಾರಿಸ್ಸಿನ ಕಲ್ಪನೆಯ ಭಾರತ. ನಮ್ಮ ನೃತ್ಯವನ್ನು ಅದರಲ್ಲಿ ಹುಡುಕುವುದು ವ್ಯರ್ಥ.

ನಿಜವಾದ ಸಂಪರ್ಕವು ಆಮೇಲೆ ಬಂದಿತು. 1923ರಲ್ಲಿ ಉದಯಶಂಕರರು ಅನ್ನಾ ಪಾವ್ಲೊವಾ ಅವರೊಡನೆ ಲಂಡನ್ನಿನಲ್ಲಿ ರಾಧಾಕೃಷ್ಣ ನೃತ್ಯವನ್ನಾಡಿದರು. ಬೆಂಗಳೂರಿನಲ್ಲಿ ಹುಟ್ಟಿ, ಕುಂಜು ಕುರುಪ್ಪರಲ್ಲಿ ಕಥಕಳಿಯನ್ನೂ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನೂ ಕಲಿತ ರಾಮಗೋಪಾಲರು 1939ರಲ್ಲಿ ಲಂಡನ್ನಿನ ರಂಗವನ್ನೇರಿದರು. 1960ರಲ್ಲಿ ಬ್ಯಾಲೆಯ ಹಿರಿಯ ನರ್ತಕಿ ಅಲಿಷಿಯಾ ಮಾರ್ಕೊವಾ ಅವರಿಗೆ ರಾಧೆಯ ಪಾತ್ರವನ್ನು ಕೊಟ್ಟು ತಾವು ಕೃಷ್ಣನಾದರು. ನಮ್ಮ ನಗರವು ಈ ಮಹನೀಯರನ್ನು ಇನ್ನಷ್ಟು ನೆನೆಯಬಹುದಾಗಿತ್ತು.

1961ರ ಜೂನ್ 16ರಂದು ಪ್ಯಾರಿಸ್ಸಿನ ಲ ಬೂರ್ಜೆ ವಿಮಾನನಿಲ್ದಾಣದಲ್ಲಿ ಸೋವಿಯತ್ ತಂಡವನ್ನು ತೊರೆದ ರುದಾಲ್ಫ್ ನುರೆಯೇವನ ಕಥೆ ಎಲ್ಲರಿಗೂ ತಿಳಿದದ್ದೇ. ಅವನ ನೆಗೆತ, ಉಡುಪು, ಮುಂಗೋಪಗಳ ವಿಷಯವಾಗಿ ಬರೆದಷ್ಟು, ಅವನು ಹಳೆಯ ಕೃತಿಗಳೊಳಗೆ ಮಾಡಿದ ತಿದ್ದುಪಡಿಯ ವಿಷಯವಾಗಿ ಬರೆದಿಲ್ಲ. 1964ರ ವಿಯೆನ್ನಾದ 'ಹಂಸಸರೋವರ'ದಲ್ಲಿ, ಅದುವರೆಗೆ ನಾಯಕಿಯನ್ನು ಎತ್ತಿ ಹಿಡಿಯುವುದಕ್ಕಷ್ಟೇ ಬೇಕಾಗಿದ್ದ ರಾಜಕುಮಾರನಿಗೆ ಅವನು ಮನಸ್ಸೊಂದನ್ನು ಕೊಟ್ಟನು; ಅವನ ಚಿಂತೆ ದುಗುಡಗಳೇ ನೃತ್ಯವಾದವು. ಅಮೆರಿಕದಲ್ಲಿ 1957ರ 'ಆಗೊನ್'ನಲ್ಲಿ ಬಾಲನ್‌ಷೀನ್, ಆರ್ಥರ್ ಮಿಚೆಲ್ ಎಂಬ ಕರಿಯ ನರ್ತಕನನ್ನು ಬಿಳಿಯ ನರ್ತಕಿಯೊಡನೆ ಯುಗಳನೃತ್ಯಕ್ಕೆ ನಿಲ್ಲಿಸಿದನು. ವರ್ಣಭೇದದ ಆ ದಿನಗಳಲ್ಲಿ ಅದು ಸಾಮಾನ್ಯ ಧೈರ್ಯವಲ್ಲ. ಮಿಚೆಲ್ 1969ರಲ್ಲಿ ಹಾರ್ಲೆಮ್ಮಿನಲ್ಲಿ ತನ್ನದೇ ನೃತ್ಯಸಂಸ್ಥೆಯನ್ನು ಕಟ್ಟಿದನು.

1995ರಲ್ಲಿ ಮ್ಯಾಥ್ಯೂ ಬೋರ್ನ್ ಲಂಡನ್ನಿನಲ್ಲಿ ಹಂಸಗಳನ್ನೆಲ್ಲ ಪುರುಷರನ್ನಾಗಿ ಮಾಡಿದನು. ಆಡಂ ಕೂಪರ್ ಹಂಸನಾಯಕ. ಬರಿಯೆದೆಯ ಆ ಹಂಸಗಳು ಸುಕುಮಾರವೂ ಹೌದು, ಕ್ರೂರವೂ ಹೌದು. ಹಂಸವನ್ನು ಹತ್ತಿರದಿಂದ ಕಂಡವರು ಎರಡನೆಯದನ್ನು ಒಪ್ಪುತ್ತಾರೆ. ನಮ್ಮ ದೃಷ್ಟಿಯಲ್ಲಿ ಈ ಶತಮಾನಾಂತ್ಯದ ಮುಖ್ಯ ಘಟನೆ ಇದೇ. ಏಕೆಂದರೆ ಪುರುಷ ನರ್ತಕರ ಇಂದಿನ ಹೊಗಳಿಕೆಯಲ್ಲಿ ನಮಗೆ ಒಂದು ಆಕ್ಷೇಪವಿದೆ. ಅವನು ಕಾಲ್ಚೆಂಡಾಟಗಾರನಷ್ಟು ಬಲಶಾಲಿ, ಕುಸ್ತಿಪಟುವಿನಷ್ಟು ಗಟ್ಟಿಗ ಎಂದು ಸಮರ್ಥಿಸುವವರು ಜಾನೆನನ ವಾದವನ್ನು ಖಂಡಿಸುತ್ತಿಲ್ಲ, ಒಪ್ಪಿಕೊಂಡೇ ಅದಕ್ಕೊಂದು ವಿನಾಯಿತಿ ಕೇಳುತ್ತಿದ್ದಾರೆ. ಲಾಲಿತ್ಯವು ಗಂಡಸಿಗೆ ಸಲ್ಲದು, ಬಲವಿದ್ದರೆ ಮಾತ್ರ ಕ್ಷಮಿಸಬಹುದು ಎಂಬ ನಿಲುವು ಅದು. ಬುರ್ನೊನ್‌ವಿಲ್ಲನ ಮುಗುಳ್ನಗೆಗೆ ಅಲ್ಲಿ ಸ್ಥಳವಿಲ್ಲ.

ಜಾನೆನನ ನಗೆ ಇನ್ನೂ ಅಡಗಿಲ್ಲ. 2019ರ ಆಗಸ್ಟಿನಲ್ಲಿ ಅಮೆರಿಕದ ದೂರದರ್ಶನ ಕಾರ್ಯಕ್ರಮವೊಂದರಲ್ಲಿ, ಇಂಗ್ಲೆಂಡಿನ ಆರು ವರ್ಷದ ರಾಜಕುಮಾರನು ಬ್ಯಾಲೆ ಕಲಿಯುವನೆಂಬ ಸುದ್ದಿಗೆ ನಿರೂಪಕಿ ನಕ್ಕರು. ಕೆಲವೇ ದಿನಗಳಲ್ಲಿ ಸುಮಾರು 300 ಮಂದಿ ನರ್ತಕರು ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ಸೇರಿ, ಬಯಲಿನಲ್ಲಿಯೇ ಬ್ಯಾಲೆಯ ಪಾಠ ನಡೆಸಿದರು. ನಿರೂಪಕಿಯೂ ಕ್ಷಮೆ ಕೇಳಿದರು. ಈ ಸಂಗತಿಯನ್ನು ನಮ್ಮ ತರಗತಿಯಲ್ಲಿ ಹೇಳಿದಾಗ ಹಿಂದಿನ ಸಾಲಿನಿಂದಲೂ ಒಂದು ನಗು ಕೇಳಿಸಿತು. ಬಾಲ್ಯದಲ್ಲಿ ತಾನು ಭರತನಾಟ್ಯ ಕಲಿಯುತ್ತಿದ್ದುದನ್ನು ಹೈಸ್ಕೂಲು ಸೇರಿದ ಮೇಲೆ ಗೆಳೆಯರ ಪರಿಹಾಸ್ಯಕ್ಕಂಜಿ ಬಿಟ್ಟೆನೆಂದು, ಅದೇ ಸಾಲಿನ ಇನ್ನೊಬ್ಬ ವಿದ್ಯಾರ್ಥಿ ತರಗತಿ ಮುಗಿದ ತರುವಾಯ ನಮ್ಮೊಡನೆ ಹೇಳಿದನು.

ಮುಂಬಯಿಯಲ್ಲಿ ಯೆಹುದಾ ಮಾವೊರ್ ಎಂಬ ವಯೋವೃದ್ಧ ಬ್ಯಾಲೆ ಶಿಕ್ಷಕರ ಬಳಿ ಕಲಿತ ಬಡ ಕುಟುಂಬದ ಹುಡುಗರಿಬ್ಬರ ಕಥೆಯನ್ನು 2020ರಲ್ಲಿ ಸೂನಿ ತಾರಾಪೊರವಾಲಾ 'ಯೇ ಬ್ಯಾಲೆ' ಎಂಬ ಚಲನಚಿತ್ರವಾಗಿ ನಿರ್ಮಿಸಿದರು. ಅವರಲ್ಲಿ ಒಬ್ಬರಾದ ಮನೀಷ್ ಚೌಹಾನ್, ಟ್ಯಾಕ್ಸಿ ಚಾಲಕರ ಮಗ, ಅದರಲ್ಲಿ ತಮ್ಮ ಪಾತ್ರವನ್ನು ತಾವೇ ವಹಿಸಿದ್ದಾರೆ. ಇನ್ನೊಬ್ಬರಾದ ಅಮೀರುದ್ದೀನ್ ಶಾ 2017ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆ ಶಾಲೆಗೆ ಸೇರಿದರು.