ಸುಳಿ ಮತ್ತು ಗುಳಿ



ಮಳೆಗಾಲದಲ್ಲಿ ಪಾಣೆಮಂಗಳೂರಿನ ಹಳೆಯ ಸೇತುವೆಯ ಕಂಬಗಳ ಬಳಿ ನೇತ್ರಾವತಿ ಸುಳಿ ಸುತ್ತುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ. ವಿದ್ಯುತ್ತಿನಲ್ಲೂ ಅಂತಹ ಸುಳಿಯುಂಟು. ಅದನ್ನರಿಯದೆ ತರಗತಿಯಲ್ಲಿ ನಾನಾಡಿದ ತಪ್ಪೊಂದನ್ನು ಇಂದು ತಿದ್ದಬೇಕಾಗಿದೆ.

1987ರಲ್ಲಿ ನಾನು ಬೆಳ್ತಂಗಡಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಹೊಸ ಅಧ್ಯಾಪಕ. ಇಟ್ರಿಯಂ, ಬೇರಿಯಂ, ತಾಮ್ರಗಳ ಆಕ್ಸೈಡೊಂದು ದ್ರವ ಸಾರಜನಕದ ಶೈತ್ಯದಲ್ಲೇ, ಎಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಅತಿವಾಹಕವಾಗುವುದೆಂಬ ಸುದ್ದಿ ಆಗ ಲೋಕವನ್ನು ಬೆರಗಾಗಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಆ ಗುಣಕ್ಕೆ ಕಾರಣವಾದ ಸಂಯುಕ್ತವನ್ನು ಗುರುತಿಸಿ, ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನಾನದನ್ನು ಹೆಮ್ಮೆಯಿಂದ ವಿವರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, “ಹಾಗಾದರೆ ಅದರಲ್ಲಿ ಎಷ್ಟು ಬೇಕಾದರೂ ಕರೆಂಟು ಹರಿಸಬಹುದಾ ಸಾರ್?” ಎಂದು ಕೇಳಿದ. “ವಸ್ತು ನಿರ್ದೋಷವಾಗಿದ್ದರೆ ಸಾಕು” ಎಂದುಬಿಟ್ಟೆ.

ಸತ್ಯ ಅದಕ್ಕೆ ವಿರುದ್ಧವಾಗಿತ್ತು. 1911ರಲ್ಲಿ ಹಾಲೆಂಡಿನ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ಸ್ ಪಾದರಸದಲ್ಲಿ ಅತಿವಾಹಕತೆಯನ್ನು ಕಂಡುಹಿಡಿದರು. ಕೆಲವು ಅತಿವಾಹಕಗಳೊಳಗೆ ಕಾಂತಕ್ಷೇತ್ರವು ಸಣ್ಣ ಸಣ್ಣ ಎಳೆಗಳಾಗಿ ನುಸುಳುವುದೆಂದೂ, ಪ್ರತಿ ಎಳೆಯ ಸುತ್ತ ವಿದ್ಯುತ್ತು ಸುಳಿಯಂತೆ ಸುತ್ತುವುದೆಂದೂ ಲೆಕ್ಕ ಹಾಕಿ ತೋರಿಸಿದವರು ರಷ್ಯದ ಅಬ್ರಿಕೊಸೊವ್. ಗುರು ಲ್ಯಾಂಡೌ ಮೊದಲು ಒಪ್ಪದ್ದರಿಂದ ಲೇಖನ ಕೆಲವು ವರ್ಷ ಮೇಜಿನಲ್ಲೇ ಉಳಿದು, 1957ರಲ್ಲಿ ಪ್ರಕಟವಾಯಿತು. 1967ರಲ್ಲಿ ಜರ್ಮನಿಯ ಎಸ್ಮನ್ ಮತ್ತು ಟ್ರಾಯ್ಬ್ಲೆ ಆ ಸುಳಿಗಳ ಸಾಲನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಿಸಿದರು. ಅಬ್ರಿಕೊಸೊವರಿಗೆ ನೊಬೆಲ್ ಸಂದದ್ದು 2003ರಲ್ಲಿ.

ವಿದ್ಯುತ್ತು ಹರಿದಾಗ ಈ ಸುಳಿಗಳ ಮೇಲೆ ಅಡ್ಡಲಾಗಿ ಬಲ ಬೀಳುತ್ತದೆ. ಅವು ಸರಿಯತೊಡಗಿದರೆ ಶಕ್ತಿ ನಷ್ಟವಾಗಿ ರೋಧ ತಲೆದೋರುತ್ತದೆ. 1987ರ ಆ ಸಂಯುಕ್ತವೂ ಇದೇ ಜಾತಿಯದು. ಸುಳಿಯನ್ನು ತಡೆದು ನಿಲ್ಲಿಸುವುದು ವಸ್ತುವಿನ ದೋಷವೇ! ಆದುದರಿಂದಲೇ ವಿಜ್ಞಾನಿಗಳು ಅತಿವಾಹಕದ ತೆಳುಪದರಗಳಲ್ಲಿ ಬೇಕೆಂದೇ ನ್ಯಾನೋ ಗಾತ್ರದ ಗುಳಿಗಳನ್ನು ಸಾಲಾಗಿ ಕೊರೆಯುತ್ತಾರೆ. ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಸುಳಿಗಳ ಸಂಖ್ಯೆಯೂ ಗುಳಿಗಳ ಸಂಖ್ಯೆಯೂ ಸರಿಹೊಂದಿದಾಗ ಹಿಡಿತ ವಿಶೇಷವಾಗಿ ಬಲವಾಗುತ್ತದೆ.

ನಮ್ಮ ಚೆನ್ನೆಮಣೆಯನ್ನು ನೆನೆಯಿರಿ. ಮಣೆಯನ್ನು ಕೊಂಚ ಓರೆ ಮಾಡಿದರೂ ಗುಳಿಯೊಳಗಿನ ಮಂಜೊಟ್ಟಿ ಬೀಜ ಉರುಳದು. ನುಣುಪಾದ ಹಲಗೆಯ ಮೇಲಾದರೆ ನಿಲ್ಲದು. ಆದರೂ ಹಿಡಿತಕ್ಕೊಂದು ಮಿತಿಯಿದೆ. ಎಷ್ಟು ಬೇಕಾದರೂ ಕರೆಂಟು ಹರಿಸಲಾಗದು.

ಆ ಹುಡುಗ ಇದನ್ನು ಓದುತ್ತಿದ್ದರೆ ಇಷ್ಟೇ ಹೇಳುವೆ: ನಿನ್ನ ಪ್ರಶ್ನೆ ಸರಿಯಾಗಿತ್ತು ಮಾರಾಯಾ, ಉತ್ತರ ತಡವಾಯಿತು.