ಒತ್ತಡ ಪರೀಕ್ಷೆ (ಮನೆಯ ಅನಿಲ ಕೊಳವೆ)

ಹೊಸದಾಗಿ ಹಾಕಿದ ಅಡುಗೆ ಅನಿಲದ ಪೈಪು ಸೋರುತ್ತಿಲ್ಲ ಎಂಬುದನ್ನು ಖಾತರಿ ಮಾಡಿಕೊಳ್ಳಲು, ಅನಿಲ ಬಿಡುವ ಮೊದಲೇ ಅದಕ್ಕೆ ಗಾಳಿ ಅಥವಾ ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ನೋಡುವ ಕ್ರಮ. ನೆಲದಡಿ ಹೋಗುವ ಪೈಪಿಗೆ ಈ ಪರೀಕ್ಷೆಯನ್ನು ಮಣ್ಣು ಮುಚ್ಚುವ ಮುನ್ನ, ಜಾಯಿಂಟುಗಳೆಲ್ಲ ಕಣ್ಣಿಗೆ ಕಾಣುತ್ತಿರುವಾಗಲೇ ಮಾಡಬೇಕು.

ಸೋರಿದರೆ ವಾಸನೆ ಬಂದೇ ಬರುತ್ತದಲ್ಲ ಎಂದು ನೆಚ್ಚಿಕೊಂಡು ಕೂರುವಂತಿಲ್ಲ. ನೈಸರ್ಗಿಕ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ನಮ್ಮ ಮೂಗಿಗೆ ಬಡಿಯುವುದು ಅದಕ್ಕೆ ಬೆರೆಸಿದ ಮರ್ಕ್ಯಾಪ್ಟಾನ್. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಸ್‌ನ ನ್ಯೂ ಲಂಡನ್ ಶಾಲೆಯ ಕೆಳಗೆ ವಾಸನೆಯಿಲ್ಲದ ಅನಿಲ ತುಂಬಿಕೊಂಡು ಸ್ಫೋಟಿಸಿ, ಮುನ್ನೂರರಷ್ಟು ಜನ, ಹೆಚ್ಚಿನವರು ಮಕ್ಕಳೇ, ಸತ್ತರು. ವಾಸನೆ ಬೆರೆಸುವುದನ್ನು ಅಲ್ಲಿ ಕಡ್ಡಾಯ ಮಾಡಿದ್ದು ಆ ಬಳಿಕ. ಆದರೆ ಮಣ್ಣಿನೊಳಗೆ ಸೋರಿದ ಅನಿಲ ಹಾದು ಬರುವಾಗ ಆ ವಾಸನೆಯನ್ನು ಮಣ್ಣೇ ಹೀರಿಕೊಳ್ಳಬಲ್ಲದು. ಚರಂಡಿ ಪೈಪು, ಕೇಬಲ್ ಕೊಳವೆಗಳ ಜಾಡು ಹಿಡಿದು ಅನಿಲ ಮನೆಯೊಳಗೂ ನುಗ್ಗೀತು. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ (ನೈಸರ್ಗಿಕ ಅನಿಲದ ಮುಖ್ಯ ಅಂಶ) ಸೇರಿದರೆ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ಪರೀಕ್ಷೆಗೆ ಮೊದಲು ಮೀಟರ್, ರೆಗ್ಯುಲೇಟರ್, ಒಲೆ ಎಲ್ಲವನ್ನೂ ಬಿಚ್ಚಿ, ತುದಿಗಳಿಗೆ ಕ್ಯಾಪು ಹಾಕುತ್ತಾರೆ. ಪರೀಕ್ಷೆಯ ಒತ್ತಡವನ್ನು ಅವು ತಾಳಲಾರವು. ಬೆಂಗಳೂರಿನಂಥ ಊರುಗಳಲ್ಲಿ ಪೈಪಿನ ಮೂಲಕ ಬರುವ ಅನಿಲ ಮನೆಯೊಳಗೆ ಸುಮಾರು 21 ಮಿಲಿಬಾರ್ ಒತ್ತಡದಲ್ಲಷ್ಟೇ ಹರಿಯುತ್ತದೆ. ಇವನ್ನು ಬಿಚ್ಚದೆ, ವಾಲ್ವು ಮುಚ್ಚಿ ಅದನ್ನೇ ನಂಬುವುದು ಸರಿಯಲ್ಲ, ಅದೂ ಸೋರಬಹುದು. ಆಮ್ಲಜನಕವನ್ನು ಮಾತ್ರ ಎಂದೂ ತುಂಬಬಾರದು: ಪೈಪಿನಲ್ಲಿ ಉಳಿದ ಎಣ್ಣೆ, ಗ್ರೀಸು ಅದರ ಸಂಗದಲ್ಲಿ ಭಗ್ಗೆಂದು ಉರಿಯುತ್ತವೆ.

ಎಷ್ಟು ಒತ್ತಡ, ಎಷ್ಟು ಹೊತ್ತು ಎಂಬುದನ್ನು ಆಯಾ ದೇಶದ ನಿಯಮ ಹೇಳುತ್ತದೆ. ಅಮೆರಿಕದಲ್ಲಿ ಬಳಕೆಯ ಒತ್ತಡದ ಒಂದೂವರೆ ಪಟ್ಟು, ಹೇಗಿದ್ದರೂ 3 ಪಿಎಸ್‌ಐಗೆ (ಸುಮಾರು 0.2 ಬಾರ್) ಕಡಿಮೆಯಿಲ್ಲದಂತೆ, ಒಂಟಿ ಮನೆಗೆ ಕನಿಷ್ಠ 10 ನಿಮಿಷ. ಗೇಜಿನ ಗರಿಷ್ಠ ಅಳತೆ ಪರೀಕ್ಷೆಯ ಒತ್ತಡದ ಐದು ಪಟ್ಟು ಮೀರಬಾರದೆಂಬ ಷರತ್ತೂ ಅಲ್ಲಿದೆ. ಇದು ತುಂಬ ವಿವೇಕದ ಷರತ್ತು. 100 ಪಿಎಸ್‌ಐ ಗೇಜಿನಲ್ಲಿ 3 ಪಿಎಸ್‌ಐ ನೋಡಹೊರಟರೆ ಮುಳ್ಳು ಸೊನ್ನೆಯ ಪಕ್ಕದಲ್ಲೇ ಅಂಟಿಕೊಂಡಿರುತ್ತದೆ. ಸಣ್ಣ ಸೋರಿಕೆ ಅದರಲ್ಲಿ ಕಾಣುವುದೇ ಇಲ್ಲ. ಇನ್ನೂ ಸೂಕ್ಷ್ಮವಾಗಿ ನೋಡಬೇಕೆಂದರೆ ನೀರು ತುಂಬಿದ, ಇಂಗ್ಲಿಷಿನ ಯು ಅಕ್ಷರದಂತೆ ಬಾಗಿದ ಮಾನೋಮೀಟರ್ ಇದೆ: ಒಂದು ಮಿಲಿಬಾರ್ ಇಳಿದರೂ ಎರಡು ಕಾಲುಗಳ ನೀರಿನ ಮಟ್ಟದ ಅಂತರ ಸುಮಾರು 10 ಮಿಲಿಮೀಟರ್ ಕಡಿಮೆಯಾಗುತ್ತದೆ.

ಕೆಲಸದವರನ್ನು ಹೆಚ್ಚು ಏಮಾರಿಸುವುದು ಬಿಸಿಲು. ಬಾಯಿ ತೆರೆದ ಕಾಲುವೆಯಲ್ಲಿ ಮಲಗಿದ ಹಳದಿ ಪೈಪು 25ರಿಂದ 45 ಡಿಗ್ರಿಗೆ ಕಾದರೆ, 3 ಪಿಎಸ್‌ಐ ತೋರಿಸುತ್ತಿದ್ದ ಗೇಜು ತಾನಾಗಿ 4 ದಾಟುತ್ತದೆ. ಆ ಏರಿಕೆಯ ಮರೆಯಲ್ಲಿ ನಿಜವಾದ ಸೋರಿಕೆ ಅಡಗಿಬಿಡಬಹುದು. ಮೋಡ ಕವಿದಾಗ ಇದರ ತದ್ವಿರುದ್ಧ, ಗಟ್ಟಿಯಾದ ಪೈಪೂ ಸೋರಿದಂತೆ ಕಾಣುತ್ತದೆ. ಕಂಪ್ರೆಸರಿನಿಂದ ಬಂದ ಬಿಸಿ ಗಾಳಿ ತಣಿಯುವಾಗಲೂ ಮುಳ್ಳು ಕೆಳಗಿಳಿಯುತ್ತದೆ. ಹಾಗಾಗಿ ಗಾಳಿ ತುಂಬಿ, ಪೈಪಿನ ಬಿಸಿ ಸುತ್ತಲಿನದಕ್ಕೆ ಹೊಂದಿಕೊಳ್ಳುವವರೆಗೆ ಕಾದು, ಆಮೇಲೆ ಗಡಿಯಾರ ನೋಡಲು ಶುರುಮಾಡಬೇಕು. ಬೆಳಗಿನ ತಂಪು ಹೊತ್ತು, ಇಲ್ಲವೇ ನೆರಳು ಮಾಡಿಕೊಂಡ ಕಾಲುವೆ ಇದಕ್ಕೆ ಒಳ್ಳೆಯದು.

ಮುಳ್ಳು ಇಳಿದರೆ ಎಲ್ಲಿ ಸೋರುತ್ತಿದೆ ಎಂದು ಗೇಜು ಹೇಳದು, ಸೋಪು ನೀರು ಹೇಳುತ್ತದೆ. ಬ್ರಷ್ಷಿನಿಂದ ಪ್ರತಿ ಜಾಯಿಂಟಿನ ಸುತ್ತ, ಮಣ್ಣಿನ ಕಡೆಯ ಅಡಿಭಾಗಕ್ಕೂ ಬಿಡದೆ ಬಳಿಯಬೇಕು. ದೊಡ್ಡ ಸೋರಿಕೆಯಲ್ಲಿ ಗುಳ್ಳೆ ಪಟಪಟನೆ ಏಳುತ್ತದೆ. ಸಣ್ಣದರಲ್ಲಿ ಥ್ರೆಡ್ಡಿನ ಅಂಚಿಗೆ ಸಾಸಿವೆಯಂಥ ಬಿಳಿ ನೊರೆ ನಿಧಾನವಾಗಿ ಕಟ್ಟುತ್ತದೆ, ಒಂದೆರಡು ನಿಮಿಷ ಕಣ್ಣಿಟ್ಟವರಿಗಷ್ಟೇ ಅದು ಸಿಕ್ಕೀತು. ಅಮೋನಿಯಾ ಇರುವ ಸೋಪು ಹಿತ್ತಾಳೆಯನ್ನು ಸೀಳುವಂತೆ ಮಾಡುವುದರಿಂದ ಅದನ್ನು ಬಳಸಬಾರದು. ಒತ್ತಡ ಇಳಿಸಿದ ಮೇಲೆಯೇ ರಿಪೇರಿ. ರಿಪೇರಿಯಾದ ಮೇಲೆ ಪರೀಕ್ಷೆ ಮತ್ತೆ ಮೊದಲಿನಿಂದ.

ಮಣ್ಣು ಮುಚ್ಚುವಾಗಲೂ ಪೈಪಿನಲ್ಲಿ ಗಾಳಿಯನ್ನು ಹಾಗೇ ಉಳಿಸಿ, ಗೇಜನ್ನು ಕಾಣುವಂತೆ ಬಿಡುವುದು ಒಳ್ಳೆಯ ರೂಢಿ. ಕಲ್ಲಿಲ್ಲದ ಮರಳನ್ನು ಮೊದಲು ಹಾಸಿ, ಪೈಪಿನ ಮೇಲೆ ಎಚ್ಚರಿಕೆಯ ಪಟ್ಟಿ ಎಳೆದು, ಮಣ್ಣು ಎಳೆಯುತ್ತ ಹೋಗುವಾಗ ಸಲಿಕೆಯ ಏಟು ಬಿದ್ದು ಪೈಪು ತೂತಾದರೆ ಮುಳ್ಳು ಕುಸಿಯುತ್ತದೆ, ಅಗೆದು ತೆಗೆಯಬೇಕಾದದ್ದು ಆಗಿನ್ನೂ ಒಂದು ಅಡಿ ಸಡಿಲ ಮಣ್ಣಷ್ಟೇ.