ಸಿಂಹಾವಲೋಕನ ಕ್ರಮ

ಸಿಂಹಾವಲೋಕನ ಕ್ರಮವು ಕಥೆಯನ್ನು ಆದಿಯಿಂದ ಹೇಳದೆ, ಅಂತ್ಯಕ್ಕೆ ಸಮೀಪದ ಒಂದು ಘಟ್ಟದಿಂದ ಆರಂಭಿಸಿ, ಹಿಂದಿನ ಸಂಗತಿಗಳನ್ನು ಪಾತ್ರಗಳ ನೆನಪು ಮತ್ತು ಮಾತುಗಳ ಮೂಲಕ ತಿಳಿಸುವ ನಿರೂಪಣಾ ತಂತ್ರವಾಗಿದೆ. ಸಿಂಹವು ಮುಂದೆ ನಡೆಯುತ್ತಲೇ ಆಗಾಗ ಹಿಂತಿರುಗಿ ನೋಡುತ್ತದೆ ಎಂಬ ನಂಬಿಕೆಯಿಂದ ಈ ಹೆಸರು ಬಂದಿದೆ. ಚಲನಚಿತ್ರಗಳ ಫ್ಲ್ಯಾಶ್‌ಬ್ಯಾಕ್ ಇದಕ್ಕೆ ಹತ್ತಿರದ್ದು. ಕನ್ನಡದಲ್ಲಿ ಇದರ ಪ್ರಸಿದ್ಧ ಉದಾಹರಣೆ ರನ್ನನ 'ಗದಾಯುದ್ಧ'.

ರನ್ನನ ಬಳಕೆ

ರನ್ನನು ಕ್ರಿ.ಶ. ೯೪೯ರಲ್ಲಿ ಮುದುವೊಳಲಿನ ಬಳೆಗಾರ ಕುಟುಂಬದಲ್ಲಿ ಜನಿಸಿದನು. ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ್ದ ಈ ಊರು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. 'ಸಾಹಸಭೀಮವಿಜಯ' ಎಂಬ ಹೆಸರೂ ಇರುವ ಗದಾಯುದ್ಧವು ಹತ್ತು ಆಶ್ವಾಸಗಳ ಚಂಪೂಕಾವ್ಯ. ಭಾರತದ ಕಥೆಯೆಲ್ಲ ಗದಾಯುದ್ಧದಲ್ಲಿ ಅಡಗುವಂತೆ ಸಿಂಹಾವಲೋಕನ ಕ್ರಮದಿಂದ ಹೇಳಿರುವುದಾಗಿ ಕವಿಯೇ ಸೂಚಿಸಿದ್ದಾನೆ.

ಕಾವ್ಯವು ಕುರುಕ್ಷೇತ್ರ ಯುದ್ಧದ ಕೊನೆಯ ಹಂತದಲ್ಲಿ ತೆರೆದುಕೊಳ್ಳುತ್ತದೆ. ದುರ್ಯೋಧನನು ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತ ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣರ ಕಳೇಬರಗಳನ್ನು ಕಾಣುತ್ತಾನೆ. ಒಂದೊಂದು ಕಳೇಬರವೂ ಒಂದೊಂದು ಹಿಂದಿನ ಕಥೆಯನ್ನು ಎಬ್ಬಿಸುತ್ತದೆ. ದುಶ್ಶಾಸನನೆದುರು ಅವನಿಗೆ ನೆನಪಾಗುವುದು ಯುದ್ಧವಲ್ಲ, ಬಾಲ್ಯ: ತಾಯಿಯ ಹಾಲಿನಿಂದ ಮೊದಲ್ಗೊಂಡು ಎಲ್ಲದರಲ್ಲಿಯೂ ಅಣ್ಣನ ಹಿಂದೆ ನಡೆದ ತಮ್ಮ ಸಾವಿನಲ್ಲಿ ಮಾತ್ರ ಮುಂದಾಗಿದ್ದಾನೆ. ಹಾಲಿನ ನೆನಪಿಲ್ಲದೆ ಈ ದುಃಖಕ್ಕೆ ಅಷ್ಟು ತೀಕ್ಷ್ಣತೆ ಬರುತ್ತಿರಲಿಲ್ಲ. ಶತ್ರುಪಕ್ಷದ ಅಭಿಮನ್ಯುವಿನ ಶೌರ್ಯವನ್ನು ಮೆಚ್ಚಿ, ಅಂಥ ಮರಣ ತನಗೂ ಬರಲೆಂದು ಬಯಸುವಲ್ಲಿ, ಓದುಗನು ದುರ್ಯೋಧನನ ಬಗ್ಗೆ ಹೊಂದಿದ್ದ ತೀರ್ಪೇ ಅಲುಗಾಡುತ್ತದೆ. ಆದುದರಿಂದ ಸಿಂಹಾವಲೋಕನವನ್ನು 'ಹಿಂದಿನ ಕಥೆಯ ಸಾರಾಂಶ' ಎಂದು ಪರೀಕ್ಷೆಗಳಲ್ಲಿ ಬರೆಯುವುದು ಸಾಲದು. ಇಲ್ಲಿ ನೆನಪು ಮಾಹಿತಿಯಷ್ಟೇ ಅಲ್ಲ, ಮುಂದಿನ ನಡೆಗೆ ಕಾರಣವೂ ಹೌದು. ದ್ರೌಪದಿಯ ಮುಡಿಯ ಪ್ರಸಂಗವು ಭೀಮನನ್ನು ಪ್ರತಿಜ್ಞೆಯ ಪೂರೈಕೆಯತ್ತ ನೂಕುವುದೂ ಹೀಗೆಯೇ.

ಕಾವ್ಯದ ಈ ನಾಟಕೀಯ ಗುಣವನ್ನು ಗುರುತಿಸಿದ ಬಿ.ಎಂ. ಶ್ರೀಕಂಠಯ್ಯನವರು ಇದನ್ನು ನಾಟಕರೂಪಕ್ಕೆ ಅಳವಡಿಸಿದರು. ಎಸ್.ಎಲ್. ಭೈರಪ್ಪನವರ 'ಪರ್ವ' (೧೯೭೯) ಕಾದಂಬರಿಯಲ್ಲಿಯೂ ಭಾರತದ ಕಥೆಯ ಬಹುಭಾಗ ಪಾತ್ರಗಳ ನೆನಪುಗಳಲ್ಲಿ ಸಾಗುತ್ತದೆ.

ವ್ಯಾಕರಣ

ಗದ್ಯದಲ್ಲಿ ಈ ತಂತ್ರದ ಸೋಲುಗೆಲುವು ಬಹುಮಟ್ಟಿಗೆ ಕ್ರಿಯಾಪದವನ್ನು ಅವಲಂಬಿಸಿದೆ. ಬನಹಟ್ಟಿಯ ನೇಕಾರನೊಬ್ಬನ ಕಲ್ಪಿತ ಪ್ರಸಂಗವನ್ನು ನೋಡಬಹುದು:

"ಮುದುಕನು ಲಾಳಿಯನ್ನು ಎತ್ತಿಕೊಂಡನು. ಅದನ್ನು ಅವನ ತಂದೆ ಸಂತೆಯಿಂದ ತಂದಿದ್ದನು. ಅಂದು ದಾರಿಯಲ್ಲಿ ಮಳೆ ಸುರಿಯಿತು; ತಂದೆ ನೆನೆದುಕೊಂಡೇ ಬಂದನು. ಲಾಳಿ ಈಗ ಕೈಯಲ್ಲಿ ತಣ್ಣಗಿತ್ತು."

'ತಂದಿದ್ದನು' ಎಂಬಲ್ಲಿ ಭೂತಕಾಲದ ಕೃದಂತಕ್ಕೆ 'ಇರು' ಧಾತುವಿನ ಭೂತರೂಪ ಸೇರಿ, ಕಥೆಯ ಕಾಲಕ್ಕಿಂತ ಹಿಂದಿನ ಕಾಲ ಸೂಚಿತವಾಗುತ್ತದೆ. ಆ ಕಾಲಕ್ಕೆ ಹೋದ ಬಳಿಕ 'ಸುರಿಯಿತು', 'ಬಂದನು' ಎಂಬ ಸಾಮಾನ್ಯ ಭೂತಕಾಲವೇ ಸಾಕು. ಪ್ರತಿ ವಾಕ್ಯವನ್ನೂ 'ಇದ್ದನು', 'ಇತ್ತು' ಎಂದು ಮುಗಿಸುವುದು ಹೊಸ ಬರಹಗಾರರಲ್ಲಿ ಸಾಮಾನ್ಯ ದೋಷ. ಇದರಿಂದ ನಿರೂಪಣೆ ಕುಂಟುತ್ತದೆ. ವರ್ತಮಾನಕ್ಕೆ ಮರಳಲು 'ಈಗ' ಎಂಬ ಪದದೊಂದಿಗೆ ಅದೇ ಲಾಳಿ ನೆರವಾಗಿದೆ. ಹಿನ್ನೋಟ ಚಿಕ್ಕದಾಗಿದ್ದರೆ ಬೇರೆ ವಾಕ್ಯವೂ ಬೇಕಿಲ್ಲ: 'ತಂದೆ ತಂದ ಲಾಳಿ' ಎಂಬ ಕೃದಂತ ವಿಶೇಷಣವೇ ಗತಕಾಲವನ್ನು ನಾಮಪದದೊಡನೆ ಹೊತ್ತು ತರುತ್ತದೆ.